ದೂರದಿಂದ ಬಂದ ಡಾಕ್ಟರು, ಯಾರೂ ಹೋಗದ ಊರು

ಮುಳಬಾಗಿಲು ಕಡೆಯ ನಮ್ಮ ಸೋದರತ್ತೆಗೆ ಎಪ್ಪತ್ತು ದಾಟಿದೆ. ಶುಗರ್ ಬಂದು ಹದಿನೈದು ವರ್ಷ ಆಯಿತು. ಹೋದ ತಿಂಗಳು ಅವರನ್ನು ಕೋಲಾರದ ಒಂದು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಚೀಟಿ ಮಾಡಿಸಿ, ಬೆಂಚಿನ ಮೇಲೆ ಒಂದೂವರೆ ಗಂಟೆ ಕೂತು, ಕೊನೆಗೆ ಒಳಗೆ ಹೋದರೆ ಕುರ್ಚಿಯಲ್ಲಿ ಇಪ್ಪತ್ತಾರು ಇಪ್ಪತ್ತೇಳರ ಹುಡುಗ. ರಾಜಸ್ಥಾನದವರಂತೆ. "ಏನಮ್ಮ ತೊಂದರೆ?" ಎಂದು ಹೊಸದಾಗಿ ಕಲಿತ ಕನ್ನಡದಲ್ಲಿ ಕೇಳಿದರು.

ಅತ್ತೆ ಶುರು ಮಾಡಿದರು. "ಕಾಲು ತಿಮ್ಮಿರಿ ನಾಯ್ನಾ. ರಾತ್ರಿ ಆದ್ರೆ ಮಂಟ. ಇರುವೆ ಹರ್ದಂಗೆ ಆಯ್ತದೆ."

ಅರ್ಧ ತೆಲುಗು, ಅರ್ಧ ಕನ್ನಡ. ನಮ್ಮ ಕಡೆ ಮಾತೇ ಹಾಗೆ. ಡಾಕ್ಟರು ಸಿಸ್ಟರ್ ಮುಖ ನೋಡಿದರು. ಸಿಸ್ಟರ್ "ಜೋಮು, ಉರಿ" ಎಂದು ಕನ್ನಡ ಮಾಡಿದರು. ಅದೂ ಅವರಿಗೆ ಹೊಸ ಮಾತೇ. ಆಮೇಲೆ ಅವರು "ಇರುವೆ ಅಂದ್ರೆ?" ಎಂದು ಕೇಳಿದರು. ಸಿಸ್ಟರ್ ಮೇಜಿನ ಮೇಲೆ ಎರಡು ಬೆರಳು ಓಡಿಸಿ ತೋರಿಸಿದರು. ಹುಡುಗ ನಕ್ಕು, ಅತ್ತೆಯ ಚಪ್ಪಲಿ ಬಿಚ್ಚಿಸಿ ಪಾದ ಮುಟ್ಟಿ ನೋಡಿದರು. ಹದಿನೈದು ವರ್ಷದಲ್ಲಿ ಎಷ್ಟೋ ಡಾಕ್ಟರನ್ನು ನೋಡಿದ್ದೇವೆ. ಪಾದ ಮುಟ್ಟಿದವರು ಎಷ್ಟು ಜನ ಎಂದು ಅತ್ತೆ ಬಸ್ಸಿನಲ್ಲಿ ಎಣಿಸುತ್ತಾ ಬಂದರು. ಒಂದು ಕೈ ಬೆರಳು ಸಾಕಾಯಿತು.

ಅವತ್ತೇ ಸಂಜೆ ಮೊಬೈಲಿಗೆ ಒಂದು ಫಾರ್ವರ್ಡ್ ಬಂತು. ಯುದ್ಧದ ನಾಡಿನಿಂದ ಬರಿಗೈಲಿ ಬಂದ ಹುಡುಗ, ಹೋಟೆಲಿನಲ್ಲಿ ಪಾತ್ರೆ ತೊಳೆದು, ಕೊನೆಗೆ ಡಾಕ್ಟರಾಗಿ ಸಾವಿರಾರು ಜನಕ್ಕೆ ನೆರವಾದ ಕಥೆ. ಕೆಳಗೆ ನಾಲ್ಕು ಕೈಮುಗಿಯುವ ಗುರುತು. ಇಂಥ ಕಥೆಗಳೆಲ್ಲ ಸುಳ್ಳು ಎಂದು ನಾನು ಹೇಳುವುದಿಲ್ಲ. ಆದರೆ ಒಂದು ಪ್ರಶ್ನೆಯನ್ನು ಇವು ಕೇಳುವುದೇ ಇಲ್ಲ. ಆ ಡಾಕ್ಟರು ಕೊನೆಗೆ ಯಾವ ಊರಿನಲ್ಲಿ ಕೂತರು? ಅಲ್ಲಿಗೇ ಯಾಕೆ ಹೋದರು? ಹುಡುಕುತ್ತಾ ಹೋದರೆ ಬಹಳ ಸಲ ಸಿಗುವ ಉತ್ತರ ಒಂದೇ. ಆ ದೇಶದ ಸ್ವಂತ ಡಾಕ್ಟರುಗಳು ಬೇಡ ಎಂದು ಬಿಟ್ಟ ಊರು ಅದು.

ಅಬ್ರಹಾಂ ವರ್ಗೀಸ್ ಅವರನ್ನೇ ನೋಡಿ. ಈಗ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ದೊಡ್ಡ ಹೆಸರು. ಹುಟ್ಟಿದ್ದು ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ. ಅಪ್ಪ ಅಮ್ಮ ಕೇರಳದಿಂದ ಅಲ್ಲಿಗೆ ಮೇಷ್ಟರಾಗಿ ಹೋದವರು. ಮಗ ಅಲ್ಲೇ ಡಾಕ್ಟರ್ ಓದುತ್ತಿದ್ದಾಗ 1974ರಲ್ಲಿ ರಾಜನನ್ನು ಇಳಿಸಿ ಸೈನ್ಯ ಆಳ್ವಿಕೆಗೆ ಬಂತು. ಓದು ಅರ್ಧಕ್ಕೆ ನಿಂತಿತು. ಅಮೆರಿಕಕ್ಕೆ ಹೋಗಿ ಆಸ್ಪತ್ರೆಗಳಲ್ಲಿ ಆರ್ಡರ್ಲಿ ಕೆಲಸ ಮಾಡಿದರು. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ವಾರ್ಡ್ ಅಟೆಂಡರ್. ರೋಗಿಯನ್ನು ಹೊರಳಿಸುವುದು, ಒರೆಸುವುದು, ಸ್ಟ್ರೆಚರ್ ತಳ್ಳುವುದು. ಡಾಕ್ಟರು ಐದು ನಿಮಿಷ ಬಂದು ಹೋದ ಮೇಲೆ ಉಳಿದ ಇಡೀ ದಿನ ರೋಗಿಗೆ ಏನಾಗುತ್ತದೆ ಎನ್ನುವುದು ಈ ಕೆಲಸದವರಿಗೆ ಗೊತ್ತು, ಡಾಕ್ಟರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಮತ್ತೆ ಓದಲೇಬೇಕು ಎನ್ನುವ ಹಠ ಬಂದಿದ್ದು ಅಲ್ಲಿಂದ ಎಂದು ಅವರೇ ಬರೆದುಕೊಂಡಿದ್ದಾರೆ. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದು ಮುಗಿಸಿ ಮತ್ತೆ ಅಮೆರಿಕಕ್ಕೆ ಹೋದರು.

ಹೋಗಿ ಸೇರಿದ್ದು ಯಾವ ಊರಿಗೆ? ಟೆನ್ನೆಸ್ಸೀ ರಾಜ್ಯದ ಜಾನ್ಸನ್ ಸಿಟಿ. ಹೆಸರಲ್ಲಿ ಸಿಟಿ ಇದೆ, ಆದರೆ ಗುಡ್ಡಗಾಡಿನ ನಡುವಿನ ಸುಮಾರು 50 ಸಾವಿರ ಜನದ ಊರು. ಹೆಚ್ಚುಕಡಿಮೆ ಒಂದು ಮುಳಬಾಗಿಲು ಅನ್ನಿ. ಅಮೆರಿಕದ ಹುಡುಗರು ನ್ಯೂಯಾರ್ಕ್, ಬಾಸ್ಟನ್ ಎಂದು ದೊಡ್ಡ ಆಸ್ಪತ್ರೆ ಹಿಡಿಯುತ್ತಿದ್ದರು. ಇಂಥ ಊರುಗಳ ತರಬೇತಿ ಸೀಟು ಹೊರಗಿನವರಿಗೆ ಉಳಿಯುತ್ತಿತ್ತು. ನಡುವೆ ಬಾಸ್ಟನ್‌ನಲ್ಲಿ ಎರಡು ವರ್ಷ ಇದ್ದು ಸೋಂಕು ರೋಗಗಳ ಪರಿಣತಿ ಪಡೆದು, 1985ರ ಹೊತ್ತಿಗೆ ವರ್ಗೀಸ್ ಮತ್ತೆ ಜಾನ್ಸನ್ ಸಿಟಿಗೇ ಬಂದರು. ಏಡ್ಸ್ ಎಂದರೆ ದೊಡ್ಡ ನಗರಗಳ ಕಾಯಿಲೆ ಎಂದು ಎಲ್ಲರೂ ತಿಳಿದಿದ್ದ ಕಾಲ ಅದು. ಆದರೆ ನಗರಕ್ಕೆ ಹೋಗಿದ್ದ ಊರಿನ ಹುಡುಗರು ಕಾಯಿಲೆ ಹೊತ್ತು, ಸಾಯಲು ಅಪ್ಪ ಅಮ್ಮನ ಮನೆಗೆ ವಾಪಸ್ ಬರತೊಡಗಿದರು. 1987ರಲ್ಲಿ ಮೊದಲ ಔಷಧಕ್ಕೆ ಒಪ್ಪಿಗೆ ಸಿಗುವವರೆಗೆ ಕೊಡಲು ಕೈಯಲ್ಲಿ ಏನೂ ಇರಲಿಲ್ಲ. ಪಕ್ಕ ಕೂರುವುದು, ಮುಟ್ಟುವುದು, ಮನೆಯವರ ಜೊತೆ ಮಾತಾಡುವುದು, ಅಷ್ಟೇ ಇದ್ದ ಚಿಕಿತ್ಸೆ. ಅದನ್ನು ಆ ಊರಿನಲ್ಲಿ ಮಾಡಿದ್ದು ಇಥಿಯೋಪಿಯಾದಲ್ಲಿ ಹುಟ್ಟಿದ ಮಲಯಾಳಿ ಡಾಕ್ಟರು.

ಇದನ್ನು ಬರೀ ಒಬ್ಬರ ದೊಡ್ಡತನ ಎಂದು ಓದಿದರೆ ಅರ್ಧ ಓದಿದಂತೆ. ಅಮೆರಿಕದಲ್ಲಿ ಈಗ ಕೆಲಸ ಮಾಡುವ ಪ್ರತಿ 4 ಡಾಕ್ಟರಲ್ಲಿ ಸುಮಾರು ಒಬ್ಬರು ಹೊರದೇಶದಲ್ಲಿ ಓದಿ ಬಂದವರು. ಅವರಲ್ಲಿ ನಮ್ಮವರದೇ ದೊಡ್ಡ ಪಾಲು. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನನ್ನು ಸಡಿಲ ಮಾಡಿತು. ಅದೇ ವರ್ಷ ವಯಸ್ಸಾದವರಿಗೆ ಸರ್ಕಾರಿ ಆರೋಗ್ಯ ವಿಮೆಯನ್ನೂ ತಂದಿತು. ರೋಗಿಗಳು ಜಾಸ್ತಿ ಆದರು, ಡಾಕ್ಟರು ಸಾಲದಾದರು, ಬಾಗಿಲು ತೆರೆಯಿತು. ಆ ಬಾಗಿಲು ತೆರೆಯುವ ರೀತಿ ಮಾತ್ರ ಸ್ವಲ್ಪ ವಿಚಿತ್ರ.

ತರಬೇತಿಗೆ ಹೋಗುವ ಬಹಳ ಡಾಕ್ಟರಿಗೆ ಸಿಗುವುದು ಜೆ-1 ಎನ್ನುವ ವೀಸಾ. ತರಬೇತಿ ಮುಗಿದ ಮೇಲೆ 2 ವರ್ಷ ಸ್ವಂತ ದೇಶಕ್ಕೆ ವಾಪಸ್ ಹೋಗಬೇಕು ಎಂಬುದು ಅದರ ಷರತ್ತು. ಅದಕ್ಕೊಂದು ವಿನಾಯಿತಿ ಇದೆ. ಡಾಕ್ಟರ ಕೊರತೆ ಇರುವ ಪ್ರದೇಶದಲ್ಲಿ 3 ವರ್ಷ ದುಡಿದರೆ ವಾಪಸ್ ಹೋಗಬೇಕಾಗಿಲ್ಲ. 1994ರಲ್ಲಿ ಕಾನೂನಾದ ಈ ವ್ಯವಸ್ಥೆಯಲ್ಲಿ ಈಗ ಒಂದೊಂದು ರಾಜ್ಯಕ್ಕೆ ವರ್ಷಕ್ಕೆ 30 ಜಾಗ. ಅಂದರೆ ಗುಡ್ಡದ ಊರು, ಒಣಭೂಮಿಯ ಊರು, ಬಡವರ ಬಡಾವಣೆ. ಅಲ್ಲಿಗೆ ಹೋದ ಡಾಕ್ಟರು ಬಡವರ ಸೇವೆಗಾಗಿಯೇ ಹೋದರೇ, ವೀಸಾಕ್ಕಾಗಿ ಹೋದರೇ? ಎರಡೂ ಇರಬಹುದು. ವೀಸಾಕ್ಕೆ ಹೋದವರೂ 3 ವರ್ಷ ಆದ ಮೇಲೆ ಮನಸ್ಸು ಬದಲಾಗಿ ಅಲ್ಲೇ ಉಳಿಯುವುದುಂಟು. ಮಕ್ಕಳು ಅಲ್ಲಿನ ಸ್ಕೂಲಿಗೆ ಸೇರಿರುತ್ತಾರೆ, ರೋಗಿಗಳು ತೋಟದ ಟೊಮೆಟೊ ತಂದುಕೊಡುತ್ತಿರುತ್ತಾರೆ. ಕರುಣೆ ಮೊದಲೇ ಇರಬೇಕು ಎಂದೇನಿಲ್ಲ. ಕೆಲಸ ಮಾಡುತ್ತಾ ಮಾಡುತ್ತಾ ಬರುತ್ತದೆ.

ಬ್ರಿಟನ್ ಕಥೆ ನಮ್ಮ ಕೋಲಾರಕ್ಕೆ ಇನ್ನೂ ಹತ್ತಿರ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಕೆಜಿಎಫ್‌ನಲ್ಲಿ ಚಿನ್ನ ತೆಗೆಯಲು ಶುರು ಮಾಡಿದಾಗ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸಗಾರರು ಹಡಗು ಹತ್ತಿ ಇಲ್ಲಿಗೆ ಬಂದರು. ಎಪ್ಪತ್ತು ಎಂಬತ್ತು ವರ್ಷ ಆದ ಮೇಲೆ ಹಡಗು ತಿರುಗಿತು. 1948ರಲ್ಲಿ ಬ್ರಿಟನ್ ಎಲ್ಲರಿಗೂ ಉಚಿತ ಚಿಕಿತ್ಸೆಯ ರಾಷ್ಟ್ರೀಯ ಆರೋಗ್ಯ ಸೇವೆ ಕಟ್ಟಿತು. ಕಟ್ಟಿದ ಮೇಲೆ ಡಾಕ್ಟರು ಸಾಲಲಿಲ್ಲ. ಭಾರತ, ಪಾಕಿಸ್ತಾನಗಳಿಂದ ಹೋದವರಿಗೆ ಲಂಡನ್ನಿನ ಒಳ್ಳೆ ಹುದ್ದೆ ಸಿಗುವುದು ಕಷ್ಟವಿತ್ತು. ಸಿಕ್ಕಿದ್ದು ವೇಲ್ಸ್‌ನ ಕಲ್ಲಿದ್ದಲು ಕಣಿವೆಗಳು, ಫ್ಯಾಕ್ಟರಿ ಊರುಗಳು. ರೋಂಡ್ಡಾ ಕಣಿವೆಯ ಕಡೆ ಒಂದು ಕಾಲಕ್ಕೆ ಕ್ಲಿನಿಕ್ಕಿನ ಬೋರ್ಡ್ ಓದಿದರೆ ಹೈದರಾಬಾದಿನಲ್ಲೋ ಲಾಹೋರಿನಲ್ಲೋ ಇದ್ದಂತೆ ಇರುತ್ತಿತ್ತಂತೆ. ಕಲ್ಲಿದ್ದಲು ಧೂಳು ಕುಡಿದ ಗಣಿ ಕೆಲಸಗಾರನ ಎದೆಗೆ ಸ್ಟೆತಸ್ಕೋಪ್ ಇಟ್ಟವರು ಅವರು. ಇಲ್ಲಿ ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬಂದವರು ಕೆಮ್ಮುತ್ತಾ ಕೂತಿದ್ದರು. ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಕೆಮ್ಮು ಮುಚ್ಚಲಿಲ್ಲ.

ಅದೇ ವೇಲ್ಸ್‌ನ ಗ್ಲಿನ್‌ಕೊರಗ್ ಎನ್ನುವ ಗಣಿ ಹಳ್ಳಿಯಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ಡಾಕ್ಟರಿದ್ದರು. ಅವರು 1971ರಲ್ಲಿ ಒಂದು ಮಾತು ಬರೆದರು. ಒಳ್ಳೆ ಚಿಕಿತ್ಸೆ ಯಾರಿಗೆ ಹೆಚ್ಚು ಬೇಕೋ ಅವರಿಗೆ ಕಡಿಮೆ ಸಿಗುತ್ತದೆ, ದುಡ್ಡಿನ ವ್ಯಾಪಾರ ಹೆಚ್ಚಿದಷ್ಟೂ ಇದು ಹೆಚ್ಚುತ್ತದೆ ಎಂಬುದು ಅದರ ಸಾರ. ಪ್ರಪಂಚದ ಆರೋಗ್ಯ ಪಂಡಿತರೆಲ್ಲ ಇದನ್ನು ಈಗಲೂ ಎತ್ತಿ ಹೇಳುತ್ತಾರೆ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಕಾಟ್ಪಾಡಿ ಕಡೆ ಹೋಗುವ ರೈಲು ಕಾಯುತ್ತಾ, ಎಕ್ಸ್‌ರೇ ಕವರ್ ಮಡಿಲಲ್ಲಿಟ್ಟುಕೊಂಡು ಕೂತವರನ್ನು ನೋಡಿದರೆ ಪಂಡಿತರ ಹತ್ತಿರ ಹೋಗುವ ಅಗತ್ಯ ಇಲ್ಲ.

ಅಂದಹಾಗೆ, ಅವರು ಹೋಗುವ ವೆಲ್ಲೂರಿನ ಆಸ್ಪತ್ರೆಯೂ ಇದೇ ಕಥೆಯದ್ದು. ಕಟ್ಟಿದ್ದು ಇಡಾ ಸ್ಕಡರ್, ಅಮೆರಿಕದ ಮಿಷನರಿ ಮನೆತನದ ಹೆಣ್ಣುಮಗಳು. 1899ರಲ್ಲಿ ಕಾರ್ನೆಲ್‌ನಲ್ಲಿ ಡಾಕ್ಟರಾಗಿ 1900ರಲ್ಲಿ ಇಲ್ಲಿಗೆ ಬಂದರು. ಕೋಲಾರದಲ್ಲೂ ಅಮೆರಿಕದ ಮೆಥಡಿಸ್ಟ್ ಮಿಷನ್ನಿನವರು ಕಟ್ಟಿದ ಆಸ್ಪತ್ರೆ ನೂರು ವರ್ಷ ದಾಟಿದೆ. ಇಟಿಸಿಎಂ ಎಂದರೆ ಆಟೋದವರಿಗೆಲ್ಲ ಗೊತ್ತು. ಆ ಕಾಲದಲ್ಲಿ ಹೆಣ್ಣು ಡಾಕ್ಟರಿಗೆ ಅವರ ಸ್ವಂತ ದೇಶದಲ್ಲಿ ಒಳ್ಳೆ ಹುದ್ದೆ ಕೊಡುವವರು ಕಡಿಮೆ. ಇಲ್ಲಿ ಗಂಡು ಡಾಕ್ಟರ ಮುಂದೆ ಹೋಗಲು ಹೆಂಗಸರು ಒಪ್ಪುತ್ತಿರಲಿಲ್ಲ. ಅಲ್ಲಿ ಬಾಗಿಲು ಕಾಣದವರು, ಇಲ್ಲಿ ಬಾಗಿಲು ದಾಟದವರು, ಇಬ್ಬರೂ ಒಂದು ಕಡೆ ಸೇರಿದರು. ಮಿಷನ್ನಿನವರಿಗೆ ಧರ್ಮ ಪ್ರಚಾರದ ಉದ್ದೇಶವೂ ಇತ್ತು. ಅದನ್ನು ಮುಚ್ಚಿಡಬೇಕಾಗಿಲ್ಲ. ಅದರ ಜೊತೆಗೇ ಹೆರಿಗೆಗಳೂ ಆದವು.

ಇನ್ನು ಕಷ್ಟದ ಮಾತು. ಕಷ್ಟಪಟ್ಟವರಿಗೆ ಇನ್ನೊಬ್ಬರ ಕಷ್ಟ ಗೊತ್ತಾಗುತ್ತದೆ ಎಂದು ನಮ್ಮಲ್ಲಿ ಸಲೀಸಾಗಿ ಹೇಳಿಬಿಡುತ್ತೇವೆ. ನನಗೆ ಅಷ್ಟು ನಂಬಿಕೆ ಇಲ್ಲ. ಕಷ್ಟ ಪಟ್ಟು ಬಂದು, "ನಾನು ಪಡಲಿಲ್ಲವಾ, ನೀನೂ ಪಡು" ಎನ್ನುವವರನ್ನು ಎಲ್ಲ ಆಫೀಸಿನಲ್ಲೂ ನೋಡಿದ್ದೇವೆ, ಅಲ್ವಾ? ಕಷ್ಟ ಮನುಷ್ಯನನ್ನು ಎರಡೂ ಕಡೆಗೆ ತಿರುಗಿಸುತ್ತದೆ. ಯಾವ ಕಡೆ ತಿರುಗಿದ ಎನ್ನುವುದು ಬಹಳ ಸಲ, ಆ ಹೊತ್ತಿನಲ್ಲಿ ಯಾರಾದರೂ ಒಬ್ಬರು ಕೈ ಹಿಡಿದರೇ ಎನ್ನುವುದರ ಮೇಲೆ ನಿಂತಿರುತ್ತದೆ.

ವಹೀದ್ ಆರ್ಯನ್ ಅವರ ಬದುಕಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಫ್ಘಾನಿಸ್ತಾನದವರು. ಯುದ್ಧಕ್ಕೆ ಹೆದರಿ ಮನೆಯವರೆಲ್ಲ ಪಾಕಿಸ್ತಾನದ ನಿರಾಶ್ರಿತರ ಶಿಬಿರ ಸೇರಿದರು. ಅಲ್ಲಿ ಮಗುವಿಗೆ ಟಿಬಿ ಬಂತು. ಚಿಕಿತ್ಸೆ ಕೊಟ್ಟ ಡಾಕ್ಟರು, ತನ್ನ ಸುತ್ತ ಸುಳಿಯುವ ಹುಡುಗನ ಕುತೂಹಲ ನೋಡಿ ಒಂದು ಹಳೆ ಸ್ಟೆತಸ್ಕೋಪ್ ಮತ್ತು ಪುಸ್ತಕ ಕೊಟ್ಟರಂತೆ. 1999ರಲ್ಲಿ, 15ನೇ ವಯಸ್ಸಿಗೆ, ಒಬ್ಬನೇ ಲಂಡನ್ನಿಗೆ ಬಂದ. ಅಂಗಡಿ, ಅಡುಗೆಮನೆಗಳಲ್ಲಿ ದುಡಿಯುತ್ತಾ ಓದಿ ಕೇಂಬ್ರಿಡ್ಜ್‌ನಲ್ಲಿ ಮೆಡಿಕಲ್ ಸೀಟು ಪಡೆದ. 2015ರಲ್ಲಿ ಅವರು ಕಟ್ಟಿದ ಸಂಸ್ಥೆಯ ಕೆಲಸ ಬಹಳ ಸರಳ. ಕಾಬೂಲಿನ ಡಾಕ್ಟರು ಮೊಬೈಲಿನಲ್ಲಿ ಎಕ್ಸ್‌ರೇ ಫೋಟೊ ಕಳಿಸುತ್ತಾರೆ, ಬ್ರಿಟನ್ನಿನ ತಜ್ಞರು ಬಿಡುವಿನಲ್ಲಿ ನೋಡಿ ಸಲಹೆ ಕೊಡುತ್ತಾರೆ. ಯುದ್ಧದ ನೆನಪು ತನ್ನನ್ನು ದೊಡ್ಡವನಾದ ಮೇಲೂ ಕಾಡಿತು ಎಂದು ಅವರು ಬಾಯಿಬಿಟ್ಟು ಹೇಳಿದ್ದಾರೆ. ಫಾರ್ವರ್ಡ್‌ಗಳಲ್ಲಿ ಈ ಭಾಗ ಇರುವುದೇ ಇಲ್ಲ. ಅದರಲ್ಲಿ ಕಷ್ಟ ಎಂದರೆ ದಾಟಿ ಬಂದ ಹೊಳೆ.

ಕೈ ಹಿಡಿಯುವವರಿಗಿಂತ ಗೇಟು ಹಾಕುವವರೇ ಜಾಸ್ತಿ. ಅಮೆರಿಕಕ್ಕೆ ಹೋಗುವ ಡಾಕ್ಟರು ಎಷ್ಟೇ ಅನುಭವ ಇರಲಿ, ಸಾಮಾನ್ಯವಾಗಿ ಅಲ್ಲಿನ ಪರೀಕ್ಷೆ ಬರೆದು ಕನಿಷ್ಠ 3 ವರ್ಷದ ತರಬೇತಿ ಮೊದಲಿಂದ ಮಾಡಬೇಕು. ಹೊರದೇಶದವರಲ್ಲಿ ತರಬೇತಿಗೆ ಸೀಟು ಸಿಗುವುದು 10ರಲ್ಲಿ ಸುಮಾರು 6 ಜನಕ್ಕೆ. ಉಳಿದವರು ಕಾಯುತ್ತಾರೆ, ಇಲ್ಲ ಬೇರೆ ಕೆಲಸ ಹಿಡಿಯುತ್ತಾರೆ. ಆಪರೇಷನ್ ಮಾಡುತ್ತಿದ್ದ ಕೈ ಟ್ಯಾಕ್ಸಿ ಓಡಿಸುವುದು ಇಲ್ಲಿಯೇ. ಕಾಯುವ ಒಂದೊಂದು ವರ್ಷಕ್ಕೂ ಕೈಯ ರೂಢಿ ತಪ್ಪುತ್ತದೆ. ಇದರ ನಷ್ಟ ಗೊತ್ತಾಗಿ ಟೆನ್ನೆಸ್ಸೀ ರಾಜ್ಯವೇ 2023ರಲ್ಲಿ ಕಾನೂನು ಮಾಡಿ, ಅರ್ಹ ಹೊರದೇಶದ ಡಾಕ್ಟರಿಗೆ ಮತ್ತೆ ತರಬೇತಿ ಇಲ್ಲದೆ ತಾತ್ಕಾಲಿಕ ಪರವಾನಗಿ ಕೊಡುವ ದಾರಿ ತೆಗೆಯಿತು. ಇನ್ನೊಂದು ಕಡೆ 2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಸರ್ಕಾರ, ಹೊರಗಿನಿಂದ ಹೊಸದಾಗಿ ಕರೆಸಿಕೊಳ್ಳುವ ಎಚ್-1ಬಿ ಎನ್ನುವ ಕೆಲಸದ ವೀಸಾ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಹಾಕಿತು. ನಮ್ಮ ಲೆಕ್ಕದಲ್ಲಿ 85 ಲಕ್ಷ ರೂಪಾಯಿಗೂ ಮೇಲೆ. ನ್ಯೂಯಾರ್ಕಿನ ದೊಡ್ಡ ಆಸ್ಪತ್ರೆ ಕಟ್ಟೀತು. ಗುಡ್ಡದ ಊರಿನ ಚಿಕ್ಕ ಆಸ್ಪತ್ರೆ ಎಲ್ಲಿಂದ ತರಬೇಕು? ಒಂದೇ ದೇಶ ಒಂದು ಕೈಯಲ್ಲಿ ಗೇಟು ತೆಗೆದು ಇನ್ನೊಂದು ಕೈಯಲ್ಲಿ ಹಾಕುತ್ತಿದೆ.

ನಾವು ಅವರನ್ನು ಬೈಯುವ ಮೊದಲು ನಮ್ಮ ಗೇಟನ್ನೂ ನೋಡಬೇಕಲ್ಲ. ಪಾಕಿಸ್ತಾನದಲ್ಲಿ ಎಂಬಿಬಿಎಸ್ ಓದಿ, ಕಿರುಕುಳ ತಾಳದೆ ಇಲ್ಲಿಗೆ ಬಂದ ಹಿಂದೂ ಡಾಕ್ಟರುಗಳಿದ್ದಾರೆ. ಹೆಚ್ಚಾಗಿ ಗುಜರಾತ್, ರಾಜಸ್ಥಾನಗಳಲ್ಲಿ. ಎಷ್ಟೋ ವರ್ಷ ಅವರಿಗೆ ಇಲ್ಲಿ ಡಾಕ್ಟರಾಗಿ ನೋಂದಣಿಯೇ ಇರಲಿಲ್ಲ. ಕೆಲವರು ಅಂಗಡಿಯಲ್ಲಿ ದುಡಿದರು, ಕೆಲವರು ಆಸ್ಪತ್ರೆಯಲ್ಲಿ ಸಹಾಯಕರಾದರು. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಆಗಸ್ಟ್‌ನಲ್ಲಿ, 2014ರ ಡಿಸೆಂಬರ್ 31ರ ಒಳಗೆ ಬಂದು ಪೌರತ್ವ ಪಡೆದವರಿಗೆ ಪರೀಕ್ಷೆ ಬರೆದು ನೋಂದಣಿ ಮಾಡಿಸಿಕೊಳ್ಳುವ ದಾರಿ ಮಾಡಿತು. ಒಳ್ಳೆಯದಾಯಿತು. ಆದರೆ ಅಷ್ಟರಲ್ಲಿ ಕೆಲವರ ತಲೆಗೂದಲು ಬೆಳ್ಳಗಾಗಿತ್ತು.

ನಮ್ಮ ಜಿಲ್ಲೆಗಳಿಗೆ ಹತ್ತಿರದ ಕಥೆ ಬೇರೆ. ಇಲ್ಲಿ ಸೀಟು ಸಿಗದೆ, ಖಾಸಗಿ ಫೀಸು ಕಟ್ಟಲಾಗದೆ, ಚಿಂತಾಮಣಿ, ಶ್ರೀನಿವಾಸಪುರ, ಶಿರಾ ಕಡೆಯಿಂದ ರಷ್ಯಾ, ಉಕ್ರೇನ್, ಫಿಲಿಪ್ಪೀನ್ಸ್ ಎಂದು ಹೋದ ಮಕ್ಕಳು. ರೇಷ್ಮೆ, ಟೊಮೆಟೊ ದುಡ್ಡಿನಲ್ಲಿ, ಜಮೀನು ಅಡ ಇಟ್ಟು ಕಳಿಸಿದ ಅಪ್ಪಂದಿರು. 2022ರ ಫೆಬ್ರವರಿ 24ರಂದು ಯುದ್ಧ ಶುರುವಾದಾಗ ಉಕ್ರೇನ್‌ನಿಂದ ಸುಮಾರು 22,500 ಭಾರತೀಯರು ವಾಪಸ್ ಬಂದರು. ಹೆಚ್ಚಿನವರು ಮೆಡಿಕಲ್ ಓದುತ್ತಿದ್ದವರು. ಹಾವೇರಿ ಜಿಲ್ಲೆಯ ಹುಡುಗನೊಬ್ಬ ದಿನಸಿ ತರಲು ಹೋಗಿ ಶೆಲ್ ದಾಳಿಗೆ ಸತ್ತ ಸುದ್ದಿ ನಮಗೆಲ್ಲ ನೆನಪಿದೆ. ನನ್ನ ಪರಿಚಯದವರ ಮಗ ಹತ್ತು ದಿನ ನೆಲಮಾಳಿಗೆಯಲ್ಲಿದ್ದು, ಕೊರೆಯುವ ಚಳಿಯಲ್ಲಿ ಗಡಿ ದಾಟಿ ಬಂದ. ಮನೆಗೆ ಬಂದ ದಿನ ಬೀದಿಯಲ್ಲಿ ಹಾರ ಹಾಕಿ ಫೋಟೊ ತೆಗೆಸಿಕೊಂಡರು. ಆರು ತಿಂಗಳಾದ ಮೇಲೆ ಅದೇ ಬೀದಿಯಲ್ಲಿ "ನಿಮ್ಮ ಹುಡುಗ ಪಾಸಾದನಾ?" ಎಂದು ಕೇಳುವುದು ಶುರುವಾಯಿತು. ಅವನು ಸಂಜೆ ಹೊರಗೆ ಬರುವುದನ್ನೇ ಬಿಟ್ಟ.

ಹೊರಗೆ ಓದಿ ಬಂದವರಿಗೆ 2002ರಿಂದ ಒಂದು ಪರೀಕ್ಷೆ ಇದೆ. ವರ್ಷಕ್ಕೆ ಎರಡು ಸಲ, 300 ಪ್ರಶ್ನೆ, 150 ಬಂದರೆ ಪಾಸ್. ತಪ್ಪಿಗೆ ಅಂಕ ಕಳೆಯುವುದಿಲ್ಲ. ಆದರೂ ಇತ್ತೀಚಿನ ವರ್ಷಗಳಲ್ಲಿ ಪಾಸಾಗುವವರು ನೂರಕ್ಕೆ ಹೆಚ್ಚುಕಡಿಮೆ 10ರಿಂದ 30ರ ಆಸುಪಾಸು. ಪರೀಕ್ಷೆ ಬೇಡ ಎಂದು ನಾನು ಹೇಳುವುದಿಲ್ಲ. ರೋಗಿಯ ಜೀವದ ಪ್ರಶ್ನೆ, ಇರಲೇಬೇಕು. 2021ರ ಹೊಸ ನಿಯಮ ಕನಿಷ್ಠ 54 ತಿಂಗಳ ಓದು, ಇಂಗ್ಲಿಷ್ ಮಾಧ್ಯಮ, ಅಲ್ಲಿ ಒಂದು ವರ್ಷ ಮತ್ತು ಇಲ್ಲಿ ಒಂದು ವರ್ಷ ಇಂಟರ್ನ್‌ಶಿಪ್ ಎಂದು ಕಟ್ಟುನಿಟ್ಟು ಮಾಡಿದ್ದೂ ಸರಿಯೇ. ಮಗನನ್ನು ಕಳಿಸುವಾಗ ಏಜೆಂಟ್ ಹೇಳಿದ್ದನ್ನು ಮಾತ್ರ ಕೇಳಿದ ಅಪ್ಪನಿಗೆ ಈ ಲೆಕ್ಕ ಯಾರೂ ಹೇಳಿರಲಿಲ್ಲ, ಅಷ್ಟೇ. ನನ್ನ ತಕರಾರು ಆಮೇಲಿನದರ ಬಗ್ಗೆ. ಫೇಲಾದವನಿಗೆ ಎಲ್ಲಿ ಎಡವಿದೆ ಎಂದು ತೋರಿಸುವವರಿಲ್ಲ. ಸರ್ಕಾರದ ಕಡೆಯಿಂದ ಕೊರತೆ ತುಂಬಿಕೊಡುವ ಕೋರ್ಸ್ ಇಲ್ಲ. ಇರುವುದು ದೆಹಲಿ, ಹೈದರಾಬಾದಿನ ಕೋಚಿಂಗ್ ಅಂಗಡಿ. ಅದಕ್ಕೆ ಮತ್ತೆ ಜಮೀನು.

ಪಾಸಾದವರು ಎಲ್ಲಿಗೆ ಹೋಗುತ್ತಾರೆ? ಕೋಲಾರದಿಂದ ಬೆಂಗಳೂರು ಒಂದೂವರೆ ಗಂಟೆ ದಾರಿ. ಚಿಕ್ಕಬಳ್ಳಾಪುರದಿಂದ ಇನ್ನೂ ಹತ್ತಿರ. ಈ ಹತ್ತಿರವೇ ನಮಗೆ ಶಾಪ. ಡಾಕ್ಟರಿಗೆ ಇಲ್ಲಿ ಮನೆ ಮಾಡುವ ಅಗತ್ಯ ಬೀಳುವುದಿಲ್ಲ, ಬೆಳಗ್ಗೆ ಬಂದು ಸಂಜೆ ಹೋಗಬಹುದು. ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಆಂಬ್ಯುಲೆನ್ಸೂ ಅದೇ ಹೈವೇ ಹಿಡಿಯುತ್ತದೆ. ಬಾಗೇಪಲ್ಲಿ, ಪಾವಗಡದವರಿಗೆ ಈ ಹತ್ತಿರವೂ ಇಲ್ಲ. ಸರ್ಕಾರ 2012ರಲ್ಲಿ ಕಡ್ಡಾಯ ಗ್ರಾಮೀಣ ಸೇವೆಯ ಕಾನೂನು ಮಾಡಿತು, 2023ರಲ್ಲಿ ಅದನ್ನು ಸಡಿಲ ಮಾಡಿತು. ಹುದ್ದೆ ಬಿದ್ದವರು ಒಂದು ವರ್ಷ ಬರುತ್ತಾರೆ, ದಿನ ಎಣಿಸುತ್ತಾರೆ. ಅಮೆರಿಕದ 3 ವರ್ಷಕ್ಕೂ ನಮ್ಮ 1 ವರ್ಷಕ್ಕೂ ವ್ಯತ್ಯಾಸ ಬರೀ ಎರಡು ವರ್ಷದ್ದಲ್ಲ. ಅಲ್ಲಿ ಮೂರು ವರ್ಷ ದುಡಿದವರಿಗೆ ಉಳಿಯುವ ಹಕ್ಕಿನ ದಾರಿ ತೆರೆಯುತ್ತದೆ. ಇಲ್ಲಿ ಒಂದು ವರ್ಷ ದುಡಿದವರಿಗೆ ಸಿಗುವುದು ಬಿಡುಗಡೆ ಪತ್ರ. ಉಳಿಯಲಿ ಎಂಬ ಆಸೆ ಕಾನೂನಿನಲ್ಲೇ ಇಲ್ಲ. ಬಾಡಿಗೆ ಮನೆ, ಗಂಡ ಅಥವಾ ಹೆಂಡತಿಗೆ ಕೆಲಸ, ಮುಂದೆ ಓದಲು ಸೀಟಿನಲ್ಲಿ ಪಾಲು, ಮೇಲಿನ ಡಾಕ್ಟರೊಬ್ಬರು ಫೋನಿಗೆ ಸಿಗುವ ಏರ್ಪಾಡು. ಹೊಸಬರನ್ನು ಊರಿನಲ್ಲಿ ಉಳಿಸುವುದು ಇವೇ.

ಭಾಷೆ ಕೂಡ. ಮೆಡಿಕಲ್ ಓದಿನ ಶುರುವಿನ ಕೋರ್ಸಿನಲ್ಲಿ ಸ್ಥಳೀಯ ಭಾಷೆ ಕಲಿಸಬೇಕು ಎಂದು 2019ರಿಂದ ಪಠ್ಯದಲ್ಲೇ ಇದೆ. ಕಲಿಸುವುದು "ನಿಮ್ಮ ಹೆಸರೇನು, ಊಟ ಆಯಿತಾ" ಮಟ್ಟದ ಪುಸ್ತಕದ ಕನ್ನಡ. ಕೋಲಾರದ ರೋಗಿ ಮಾತಾಡುವುದು ಯಾವ ಪುಸ್ತಕದಲ್ಲೂ ಇಲ್ಲದ ಭಾಷೆ. ತಮಾಷೆ ಎಂದರೆ, ವರ್ಗೀಸ್ ಕೆಲಸ ಮಾಡಿದ ಗುಡ್ಡಗಾಡಿನ ಕಡೆಯೂ ಹಳೆ ಜನ ಡಯಾಬಿಟಿಸ್‌ಗೆ ಶುಗರ್ ಎಂದೇ ಹೇಳುತ್ತಾರೆ. ನಮ್ಮತ್ತೆ ಅಲ್ಲಿ ಹೋದರೂ ಆ ಒಂದು ಪದಕ್ಕೆ ಕಷ್ಟ ಇಲ್ಲ.

ಮೊನ್ನೆ ಮತ್ತೆ ಮಾತ್ರೆಗೆ ಹೋಗಿದ್ದೆವು. ಅದೇ ಹುಡುಗ. ಮೇಜಿನ ಗಾಜಿನ ಕೆಳಗೆ, ಹಳೆ ಚೀಟಿಯ ಹಿಂದೆ ಹಿಂದಿ ಲಿಪಿಯಲ್ಲಿ ಏನೋ ಪಟ್ಟಿ ಬರೆದಿಟ್ಟುಕೊಂಡಿದ್ದರು. ನನಗೆ ಓದಲು ಬರುತ್ತದೆ. ತಿಮ್ಮಿರಿ, ಮಂಟ, ಜೋಮು, ಸುಸ್ತು, ಸಂಕಟ, ತಲೆ ದಿಮ್ಮು. ಕೊನೆಯಲ್ಲಿ ಇರುವೆ, ಅದರ ಪಕ್ಕ ಆರು ಕಾಲಿನ ಒಂದು ಚಿಕ್ಕ ಚಿತ್ರ. ಅತ್ತೆ ಕುರ್ಚಿಯಲ್ಲಿ ಕೂರುವ ಮೊದಲೇ ಅವರು ಕೇಳಿದರು, "ಅಮ್ಮ, ಇರುವೆ ಹೋಯ್ತಾ?"

"ಇನ್ನೂ ಎರಡು ಮೂರು ಅವೆ ನಾಯ್ನಾ" ಎಂದು ಅತ್ತೆ ಚಪ್ಪಲಿ ಬಿಚ್ಚಿದರು.